ಊರಿಗೊಂದು ತಿಂಗಳ ಹಾಳೆ: ಗ್ರಾಮ ಪಂಚಾಯತಿ ಲೆಕ್ಕ ಒಪ್ಪಿಸುವ ಬಗೆ

(ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಪಂಚಾಯತಿ ಸದಸ್ಯರು, ಸಿಬ್ಬಂದಿ ಮತ್ತು ಸ್ವಸಹಾಯ ಸಂಘದವರಿಗಾಗಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪಂಚಾಯತಿ ಕಚೇರಿಯ ನೋಟಿಸ್ ಬೋರ್ಡು ಯಾವತ್ತೂ ಖಾಲಿ ಇರುವುದಿಲ್ಲ. ಮುಗಿದುಹೋದ ಗ್ರಾಮಸಭೆಯ ಕರಪತ್ರ, ಬಿಸಿಲಿಗೆ ಬಣ್ಣ ಬಿಟ್ಟ ಲಸಿಕೆ ಪೋಸ್ಟರು, ಯಾವುದೋ ಟೆಂಡರಿನ ಜೆರಾಕ್ಸು, ಎಲ್ಲ ಒಂದರ ಮೇಲೊಂದು. ಆದರೆ ಹೋದ ತಿಂಗಳು ಎಷ್ಟು ದುಡ್ಡು ಬಂತು, ಯಾತಕ್ಕೆ ಖರ್ಚಾಯಿತು, ನಮ್ಮ ಬೀದಿ ಚರಂಡಿ ಎಲ್ಲಿಗೆ ಬಂತು ಅಂತ ಕೇಳಿದರೆ ಆ ಬೋರ್ಡು ಬಾಯಿ ಬಿಡುವುದಿಲ್ಲ.

ಕಾನೂನಿಗೇನೂ ಕೊರತೆ ಇಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ 4ನೇ ಪ್ರಕರಣ, ಯಾರೂ ಅರ್ಜಿ ಹಾಕದಿದ್ದರೂ ಕಚೇರಿ ತಾನಾಗಿಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಪಟ್ಟಿ ಮಾಡಿದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ತಿಳಿಸಬೇಕು ಅಂತಲೂ ಹೇಳಿದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ, ಅಂದರೆ ಹಿಂದಿನ ವರ್ಷದ ಲೆಕ್ಕವನ್ನು ಊರ ಮುಂದೆ ಪರಿಶೀಲಿಸುವ ಸಭೆ ಇದೆ. ಇಷ್ಟಿದ್ದರೂ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳ ಅಂತರ. ಅಷ್ಟು ದಿನ ಊರಿಗೆ ಪಂಚಾಯತಿ ಸುದ್ದಿ ಗೊತ್ತಾಗುವುದು ಕಾಫಿ ಹೋಟೆಲಿನ ಬೆಂಚಿನ ಮೇಲೆ, ಅದೂ ಅರ್ಧ ಬೆಂದ ಸುದ್ದಿ. ಈ ಅಂತರಕ್ಕೇ ತಿಂಗಳ ಹಾಳೆ, ಅಂದರೆ ಪಂಚಾಯತಿಯ ದುಡ್ಡು, ಕೆಲಸದ ಲೆಕ್ಕವನ್ನು ತಿಂಗಳಿಗೊಮ್ಮೆ ಊರಿಗೆ ಕಾಣುವಂತೆ ಹಾಕುವ ಹಾಳೆ ಬೇಕಾಗಿರುವುದು.

ಈ ಹಾಳೆಗಾಗಿ ಹೊಸದಾಗಿ ಏನನ್ನೂ ಬರೆಯುವಂತಿಲ್ಲ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನಗದು ಪುಸ್ತಕ, ಸಭಾ ನಡವಳಿ, ಕಾಮಗಾರಿ ಕಡತ, ನೀರು ಪರೀಕ್ಷೆಯ ವಹಿ, ಕರ ವಸೂಲಿ ವಹಿ, ಅರ್ಜಿ ಸ್ವೀಕೃತಿ ವಹಿ: ಇವುಗಳಲ್ಲಿ ಇರುವುದನ್ನೇ ಎತ್ತಿ ಇಡುವುದು. ಈ ವಹಿಗಳಲ್ಲಿ ಇಲ್ಲದ ಮಾತು ಹಾಳೆಯಲ್ಲಿ ಬಂದರೆ ಅದು ಭಾಷಣ. ಗಣ್ಯರ ಫೋಟೊ, ಶುಭಾಶಯ, "ಮಾನ್ಯರ ಅವಿರತ ಶ್ರಮದಿಂದ" ಎಂಬ ಸಾಲು, ಇವಕ್ಕೆ ಜಾಗ ಕೊಟ್ಟರೆ ಮೂರನೇ ತಿಂಗಳಿಗೆ ಓದುವವರೇ ಇರುವುದಿಲ್ಲ. ಚುನಾವಣಾ ನೀತಿ ಸಂಹಿತೆ ಜಾರಿಯಾದಾಗ ಅದೇ ಫೋಟೊ ತಲೆನೋವೂ ಆಗುತ್ತದೆ.

ದುಡ್ಡಿನ ಭಾಗ

ಜನ ಮೊದಲು ನೋಡುವುದು ಇದನ್ನೇ, ಹೆಚ್ಚು ಎಡವುವುದೂ ಇಲ್ಲೇ. ಪ್ರತಿ ಖಾತೆಗೂ ನಾಲ್ಕು ಅಂಕಿ ಬೇಕು: ಪ್ರಾರಂಭಿಕ ಶಿಲ್ಕು (ತಿಂಗಳ ಶುರುವಿನಲ್ಲಿ ಇದ್ದ ಹಣ), ತಿಂಗಳ ಜಮಾ, ತಿಂಗಳ ಖರ್ಚು, ಅಖೈರು ಶಿಲ್ಕು (ಕೊನೆಗೆ ಉಳಿದ ಹಣ). ಉದಾಹರಣೆಗೆ ಸ್ವಂತ ಸಂಪನ್ಮೂಲದ ಖಾತೆ ಅಂದುಕೊಳ್ಳಿ. ಪ್ರಾರಂಭಿಕ ಶಿಲ್ಕು 1,84,300 ರೂಪಾಯಿ, ಜಮಾ 62,450, ಖರ್ಚು 97,200, ಅಖೈರು ಶಿಲ್ಕು 1,49,550. ಮುಂದಿನ ತಿಂಗಳ ಹಾಳೆ ಈ 1,49,550ರಿಂದಲೇ ಶುರುವಾಗಬೇಕು. ಒಂದು ರೂಪಾಯಿ ಆಚೀಚೆ ಆದರೂ ಯಾಕೆ ಅಂತ ಒಂದು ಸಾಲು ಬರೆಯಬೇಕು. ಬರೀ ಜಮಾ, ಖರ್ಚು ತೋರಿಸಿ ಶಿಲ್ಕು ಬಿಟ್ಟ ಲೆಕ್ಕ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಹೋದ ತಿಂಗಳಿಗೂ ಈ ತಿಂಗಳಿಗೂ ತಾಳೆ ನೋಡುವ ದಾರಿಯನ್ನೇ ಅದು ಮುಚ್ಚಿಬಿಡುತ್ತದೆ.

ನಗದು ಪುಸ್ತಕದ ಶಿಲ್ಕಿಗೂ ಪಾಸ್‌ಬುಕ್ಕಿನ ಶಿಲ್ಕಿಗೂ ವ್ಯತ್ಯಾಸ ಬರುವುದು ಸಹಜ. ಕೊಟ್ಟ ಚೆಕ್ಕು ಬ್ಯಾಂಕಿಗೆ ಇನ್ನೂ ಹೋಗಿರುವುದಿಲ್ಲ. ಪಾವತಿಗೆ ಅಧ್ಯಕ್ಷರು, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಇಬ್ಬರ ಡಿಜಿಟಲ್ ಸಹಿಯ ಡಾಂಗಲ್ಲೂ ಆಗುವ ಹೊತ್ತಿಗೆ ತಿಂಗಳು ತಿರುಗಿರುತ್ತದೆ. ಬ್ಯಾಂಕು ಬಡ್ಡಿ ಜಮಾ ಮಾಡಿದ್ದು ನಗದು ಪುಸ್ತಕಕ್ಕೆ ಏರಿರುವುದಿಲ್ಲ. ಹೀಗಾಗಿ ತಿಂಗಳ ಮೊದಲ ಮೂರು ದಿನದೊಳಗೆ ಎರಡನ್ನೂ ತಾಳೆ ಹಾಕಿ, ವ್ಯತ್ಯಾಸದ ಪಟ್ಟಿ ಮಾಡಿಟ್ಟುಕೊಂಡ ಮೇಲೆಯೇ ಹಾಳೆಗೆ ಕೈ ಹಾಕಬೇಕು. ತಾಳೆ ಆಗದ ಅಂಕಿಯನ್ನು ಅವಸರದಲ್ಲಿ ಬೋರ್ಡಿಗೆ ಅಂಟಿಸಿ ಆಮೇಲೆ ತಿದ್ದಿದರೆ, ತಿದ್ದಿದ್ದನ್ನು ಊರು ನಂಬುವುದಿಲ್ಲ.

ಖಾತೆಗಳನ್ನು ಒಟ್ಟು ಕೂಡಿಸಿ ಒಂದೇ ಮೊತ್ತ ತೋರಿಸಲೇಬೇಡಿ. "ಖಾತೆಯಲ್ಲಿ ಹತ್ತು ಲಕ್ಷ ಬಿದ್ದಿದೆ, ನಮ್ಮ ರಸ್ತೆಗೆ ಯಾಕೆ ಹಾಕಲ್ಲ?" ಎಂಬ ಜಗಳ ಹುಟ್ಟುವುದೇ ಅಲ್ಲಿಂದ. 2021–22ರಿಂದ 2025–26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ 60 ನಿರ್ಬಂಧಿತ: ಶೇ 30 ಕುಡಿಯುವ ನೀರು, ಮಳೆನೀರು ಕೊಯ್ಲು, ನೀರಿನ ಮರುಬಳಕೆಗೆ, ಇನ್ನು ಶೇ 30 ನೈರ್ಮಲ್ಯಕ್ಕೆ. ಉಳಿದ ಶೇ 40 ಮಾತ್ರ ಊರಿನ ಬೇರೆ ಅಗತ್ಯಗಳಿಗೆ, ಅದರಲ್ಲೂ ಸಂಬಳ ಕೊಡುವಂತಿಲ್ಲ. ಅಂದರೆ ಹತ್ತು ಲಕ್ಷ ಬಂದರೆ ರಸ್ತೆಯ ಮಾತು ಆಡಬಹುದಾದದ್ದು ನಾಲ್ಕು ಲಕ್ಷದ ಮೇಲೆ. ಮೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದರೆ ಈ ಪ್ರಶ್ನೆಗೆ ಹಾಳೆಯೇ ಉತ್ತರ ಕೊಡುತ್ತದೆ. ಆಯೋಗ ಬದಲಾದಾಗ ಪಾಲೂ ಬದಲಾಗುತ್ತದೆ. ಆಯಾ ವರ್ಷದ ಆದೇಶ ನೋಡಿ ಸಾಲು ಹಾಕಿ.

ಕರ ವಸೂಲಿಯಲ್ಲಿ ಒಂದು ಚಮತ್ಕಾರ ನಡೆಯುತ್ತದೆ. ಹಳೆ ಬಾಕಿ 3,10,000, ಈ ಸಾಲಿನ ಬೇಡಿಕೆ 4,20,000, ಒಟ್ಟು 7,30,000 ಅಂತಿಟ್ಟುಕೊಳ್ಳಿ. ವಸೂಲಾದದ್ದು 2,92,000. ಒಟ್ಟು ಬೇಡಿಕೆಗೆ ಹೋಲಿಸಿದರೆ ಇದು ಶೇ 40. ಬರೀ ಚಾಲ್ತಿ ಬೇಡಿಕೆಗೆ ಹೋಲಿಸಿದರೆ ಶೇ 70ರ ಹತ್ತಿರ! ಅಂಕಿ ಸುಳ್ಳಲ್ಲ, ಲೆಕ್ಕ ಮಾತ್ರ ಸುಳ್ಳು. ಬೇಡಿಕೆ, ವಸೂಲಿ, ಬಾಕಿ ಮೂರನ್ನೂ ಹಳೆಯದು, ಹೊಸದು ಅಂತ ಬಿಡಿಸಿ ಬರೆದುಬಿಟ್ಟರೆ ಶೇಕಡಾವಾರಿನ ಹಂಗೇ ಬೇಡ. ಊರುವಾರು ಬಿಡಿಸಿದರೆ ಇನ್ನೂ ಒಳ್ಳೆಯದು. ಪಕ್ಕದ ಊರಿಗಿಂತ ನಮ್ಮೂರು ಹಿಂದೆ ಅಂತ ಕಂಡರೆ ಕರ ವಸೂಲಿಗಾರರ ಕೆಲಸ ಅರ್ಧ ಹಗುರ. ಬಾಕಿದಾರರ ಹೆಸರನ್ನು ಮಾತ್ರ ತಿಂಗಳ ಹಾಳೆಯಲ್ಲಿ ಹಾಕಬೇಡಿ. ಅದಕ್ಕೆ ಬೇಡಿಕೆ ನೋಟಿಸಿನ ದಾರಿ ಬೇರೆಯೇ ಇದೆ, ಹೆಸರು ತಪ್ಪಿದರೆ ಊರಲ್ಲಿ ರಂಪ. ಕರದ ಜೊತೆ ವಸೂಲಿ ಮಾಡುವ ಗ್ರಂಥಾಲಯ, ಆರೋಗ್ಯ ಮುಂತಾದ ಉಪಕರಗಳನ್ನೂ ಬೇರೆ ಸಾಲಿನಲ್ಲೇ ತೋರಿಸಿ. ಆ ದುಡ್ಡು ನಿಮ್ಮ ಕೈಯಲ್ಲಿ ಹಾದು ಹೋಗುವುದಷ್ಟೇ, ಪಂಚಾಯತಿ ಆದಾಯ ಅಲ್ಲ.

ಖರ್ಚಿನಲ್ಲಿ "ಇತರೆ" ಅಂತ ಒಂದು ಸಾಲು ಇರುತ್ತದಲ್ಲ, ಅನುಮಾನವೆಲ್ಲ ಮನೆ ಮಾಡುವುದು ಅಲ್ಲಿ. ಒಟ್ಟು ಖರ್ಚಿನ ನೂರರಲ್ಲಿ ಐದಕ್ಕಿಂತ ಮೇಲೆ ಹೋಯಿತು ಅಂದರೆ ಒಡೆದು ಬರೆಯಿರಿ: ಪಂಪ್‌ಸೆಟ್ ರಿವೈಂಡಿಂಗ್, ಬೀದಿ ದೀಪದ ಬಲ್ಬು, ಕಚೇರಿ ಜೆರಾಕ್ಸು, ಸಭೆಯ ಕಾಫಿ ತಿಂಡಿ. ಕಾಫಿ ತಿಂಡಿಯನ್ನು ಮುಚ್ಚಿಡುವುದೇ ತಪ್ಪು. ಬರೆದಿದ್ದನ್ನು ಯಾರೂ ಕೇಳುವುದಿಲ್ಲ.

ಕಾಮಗಾರಿ "ಪ್ರಗತಿಯಲ್ಲಿದೆ" ಅಂದರೆ ಏನು?

ಏನೂ ಅಲ್ಲ. ಕ್ರಿಯಾ ಯೋಜನೆಯಲ್ಲಿ ಹೆಸರು ಸೇರಿದ ದಿನದಿಂದ ಕೊನೆಯ ಬಿಲ್ಲಿನವರೆಗೂ ಈ ಒಂದೇ ಪದ ಹಾಕಬಹುದು, ಹಾಕುತ್ತಲೂ ಇದ್ದಾರೆ. ಅದರ ಬದಲು ಕೆಲಸ ಯಾವ ಮೆಟ್ಟಿಲ ಮೇಲೆ ನಿಂತಿದೆ ಅಂತ ಹೇಳಿ: ಕ್ರಿಯಾ ಯೋಜನೆಗೆ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಬೇಕಿದ್ದಲ್ಲಿ ಟೆಂಡರ್, ಕಾರ್ಯಾದೇಶ, ಕೆಲಸ ಶುರು, ಅಳತೆ ಪುಸ್ತಕದಲ್ಲಿ ದಾಖಲು, ಬಿಲ್ಲು ಪಾವತಿ. ಮೆಟ್ಟಿಲಿನ ಪಕ್ಕ ಅಲ್ಲಿಗೆ ಬಂದ ತಾರೀಕು. ಎರಡು ತಿಂಗಳು ಒಂದೇ ಮೆಟ್ಟಿಲಲ್ಲಿ ನಿಂತರೆ ಯಾರ ಮೇಜಿನ ಮೇಲೆ ನಿಂತಿದೆ ಅಂತ ಮೂರನೇ ಕಾಲಂ. "ತಾಂತ್ರಿಕ ಮಂಜೂರಾತಿಗೆ ಕಳಿಸಿದ್ದು 12ನೇ ತಾರೀಕು, ಎಂಜಿನಿಯರ್ ಕಚೇರಿಯಲ್ಲಿದೆ" ಅಂತ ಬರೆದರೆ ಬೈಗುಳ ಸರಿಯಾದ ವಿಳಾಸಕ್ಕೆ ಹೋಗುತ್ತದೆ. ಪಿಡಿಒಗಳು ಇದಕ್ಕೆ ಹಿಂಜರಿಯುವುದು ಗೊತ್ತಿದೆ, ಆದರೆ ಇದು ದೂರಲ್ಲ, ಕಡತದ ಚಲನೆ. ವ್ಯಕ್ತಿಯ ಹೆಸರು ಬೇಡ, ಕಚೇರಿಯ ಹೆಸರು ಸಾಕು.

ಕಾಮಗಾರಿಯ ಹೆಸರೂ ಊರಿಗೆ ಅರ್ಥವಾಗಬೇಕು. ಕಡತದಲ್ಲಿ "ಪ.ಜಾ. ಕಾಲೋನಿಯಲ್ಲಿ ಸಿ.ಸಿ. ಚರಂಡಿ, ಹಂತ-2" ಅಂತ ಇರುತ್ತದೆ. ಎಲ್ಲಿಂದ ಎಲ್ಲಿಗೆ? ಹಾಳೆಯಲ್ಲಿ "ಮಾರಮ್ಮನ ಗುಡಿಯಿಂದ ಅಂಗನವಾಡಿ ಗೇಟಿನವರೆಗೆ, 85 ಮೀಟರ್, ಅಂದಾಜು ಮೊತ್ತ 3 ಲಕ್ಷ" ಎಂಬ ಧಾಟಿಯಲ್ಲಿ ಇರಲಿ. ಗುರುತು ಮತ್ತು ಉದ್ದ ಇದ್ದರೆ ಊರಿನ ಮೇಸ್ತ್ರಿಯೊಬ್ಬ ಟೇಪು ಹಿಡಿದು ಅಳೆದುನೋಡುತ್ತಾನೆ. ಒಂದೇ ಚರಂಡಿ ಎರಡು ಯೋಜನೆಯಲ್ಲಿ ಬಿಲ್ಲಾಗುವ ರೋಗಕ್ಕೆ ಇದಕ್ಕಿಂತ ಅಗ್ಗದ ಮದ್ದಿಲ್ಲ.

ನೀರು

ಅರಸೀಕೆರೆ, ಕಡೂರು ಕಡೆಯಲ್ಲಿ ನೀರು ಬರುತ್ತದೋ ಇಲ್ಲವೋ ಎಂಬ ಚಿಂತೆ. ಮೂಡಿಗೆರೆ, ಸಕಲೇಶಪುರದ ಕಡೆ ಬಂದ ನೀರು ಕುಡಿಯಬಹುದೋ ಎಂಬ ಚಿಂತೆ. ಹಾಳೆಯಲ್ಲಿ ಎರಡಕ್ಕೂ ಜಾಗ ಬೇಕು.

ಬಯಲುಸೀಮೆಯ ಪಂಚಾಯತಿಗೆ ಟ್ಯಾಂಕರ್ ಲೆಕ್ಕ ಮುಖ್ಯ. ಜಲ ಜೀವನ್ ಮಿಷನ್ನಿನ ಅಳತೆ ಒಬ್ಬರಿಗೆ ದಿನಕ್ಕೆ 55 ಲೀಟರ್. 240 ಜನರ ಹಟ್ಟಿಗೆ ದಿನಕ್ಕೆ 13,200 ಲೀಟರ್ ಬೇಕು, ಅಂದರೆ 5,000 ಲೀಟರಿನ ಟ್ಯಾಂಕರ್ ಹತ್ತಿರಹತ್ತಿರ ಮೂರು ಟ್ರಿಪ್. ಹಾಳೆಯಲ್ಲಿ "ಟ್ಯಾಂಕರ್ ಮೂಲಕ ನೀರು ಸರಬರಾಜು ಮಾಡಲಾಗಿದೆ" ಅಂದರೆ ಸಾಲದು. ಹಟ್ಟಿಯ ಹೆಸರು, ಟ್ರಿಪ್ ಎಷ್ಟು, ಟ್ಯಾಂಕರ್ ಅಳತೆ ಎಷ್ಟು, ದರ ಎಷ್ಟು. ಟ್ರಿಪ್ ಷೀಟಿಗೆ ನೀರು ಹಿಡಿದ ಮನೆಯವರೊಬ್ಬರ ಸಹಿ ಅಲ್ಲೇ, ಆಗಲೇ ಆಗಬೇಕು. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕಿಸಿದ ಷೀಟು ಇದ್ದೂ ಇಲ್ಲದ ಹಾಗೆ.

ಇನ್ನು ಗುಣಮಟ್ಟ. ನೀರುಗಂಟಿಯ ವಹಿಯಿಂದ ಬರಬೇಕಾದ್ದು: ಓವರ್‌ಹೆಡ್ ಟ್ಯಾಂಕು ತೊಳೆದ ತಾರೀಕು, ಬ್ಲೀಚಿಂಗ್ ಪೌಡರ್ ಹಾಕಿದ ಪ್ರಮಾಣ, ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಎಷ್ಟಿತ್ತು. ಶೇ 33 ಕ್ಲೋರಿನ್ ಇರುವ ಒಳ್ಳೆ ಪುಡಿಯಾದರೆ ತಿಳಿನೀರಿಗೆ ಸಾಮಾನ್ಯ ಲೆಕ್ಕ 1,000 ಲೀಟರಿಗೆ 2.5 ಗ್ರಾಂ, 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. ಪುಡಿಯನ್ನು ನೇರ ಟ್ಯಾಂಕಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಹೊಯ್ಯಬೇಕು, ಒಂದು ಗಂಟೆ ಬಿಟ್ಟು ಊರಿಗೆ ನೀರು ಬಿಡಬೇಕು. ಮಲೆನಾಡಿನ ಜೂನ್, ಜುಲೈ ತೇವಕ್ಕೆ ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಾಕಿದ ತೂಕ ಸರಿ ಇದ್ದರೂ ನಲ್ಲಿಯಲ್ಲಿ ಕ್ಲೋರಿನ್ ಸಿಗುವುದಿಲ್ಲ. ಅದಕ್ಕೇ ಹಾಳೆಗೆ ಬೇಕಾದದ್ದು ಹಾಕಿದ ಪ್ರಮಾಣಕ್ಕಿಂತ ಕೊನೆಯ ನಲ್ಲಿಯ ಅಂಕಿ. ಕನಿಷ್ಠ 0.2 ಮಿಲಿಗ್ರಾಂ ಪ್ರತಿ ಲೀಟರಿಗೆ ಇರಬೇಕು.

ಪರೀಕ್ಷಾ ಕಿಟ್ಟಿನ ಫಲಿತಾಂಶವನ್ನೂ ಅಂಕಿಯಲ್ಲೇ ಕೊಡಿ, ಪಕ್ಕದಲ್ಲಿ ಮಿತಿ ಬರೆಯಿರಿ: ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಫ್ಲೋರೈಡ್ ಒಂದರೊಳಗಿದ್ದರೆ ಒಳ್ಳೆಯದು, ಬೇರೆ ಮೂಲ ಇಲ್ಲದಿದ್ದಾಗ 1.5ರವರೆಗೆ, ನೈಟ್ರೇಟ್ 45ರವರೆಗೆ. ಸೂಕ್ಷ್ಮಜೀವಿ ಪರೀಕ್ಷೆಯ ಶೀಶೆಯನ್ನು 24ರಿಂದ 48 ಗಂಟೆ ಬೆಚ್ಚಗಿಡಬೇಕು. ನೀರು ಕಪ್ಪಾದರೆ ಮಲಿನ. ಕಪ್ಪಾಗಿದೆ ಅಂತ ಗೊತ್ತಾದ ಮೇಲೆ ತಿಂಗಳ ಹಾಳೆಗೆ ಕಾಯುವ ಹಾಗಿಲ್ಲ, ಅವತ್ತೇ ತಮಟೆ ಹೊಡೆಸಿ ನೀರು ಕಾಯಿಸಿ ಕುಡಿಯಿರಿ ಅಂತ ಸಾರಿಸಬೇಕು. ಹಾಳೆಯಲ್ಲಿ ಬರುವುದು ಯಾವ ಮೂಲ, ಏನು ಮಾಡಿದಿರಿ, ಮರುಪರೀಕ್ಷೆ ಯಾವತ್ತು, ಫಲಿತಾಂಶ ಏನು.

ಆಲೂರು, ಬೇಲೂರು, ಸಕಲೇಶಪುರದ ಕಾಡಾನೆ ವಿಷಯಕ್ಕೂ ಇದೇ ಮಾತು. ಆನೆ ಎಲ್ಲಿದೆ ಅಂತ ತಿಳಿಸುವುದು ಅರಣ್ಯ ಇಲಾಖೆಯ ಅವತ್ತಿನ ಸಂದೇಶದ ಕೆಲಸ. ತಿಂಗಳ ಹಾಳೆಯಲ್ಲಿ ಬೆಳೆಹಾನಿ ಅರ್ಜಿ ಎಲ್ಲಿ ಕೊಡಬೇಕು, ಏನೇನು ದಾಖಲೆ ಲಗತ್ತಿಸಬೇಕು ಎಂಬ ಎರಡು ಸಾಲು ಸಾಕು.

ನಿರ್ಣಯಗಳು, ಅರ್ಜಿಗಳು

ಸಾಮಾನ್ಯ ಸಭೆಯ ನಡವಳಿಯನ್ನು ಮುಂದಿನ ಸಭೆಯಲ್ಲಿ ಓದಿ ದೃಢೀಕರಿಸುವ ಪದ್ಧತಿ ಇದೆ. ಅದಕ್ಕೆ ಕಾದರೆ ನಿರ್ಣಯ ಊರಿಗೆ ಗೊತ್ತಾಗುವುದು ಒಂದು ತಿಂಗಳು ತಡವಾಗಿ. ನಡವಳಿಗೆ ಸಹಿ ಬಿದ್ದ ಕೂಡಲೇ "ಮುಂದಿನ ಸಭೆಯ ದೃಢೀಕರಣಕ್ಕೆ ಒಳಪಟ್ಟು" ಅಂತ ಸೇರಿಸಿ ಹಾಕಿಬಿಡಬಹುದು. ನಿರ್ಣಯದ ಸಂಖ್ಯೆ, ವಿಷಯ, ಏನು ತೀರ್ಮಾನ, ಯಾರು ಮಾಡಬೇಕು. "ಚರ್ಚಿಸಿ ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು" ಎಂಬ ಸಾಲು ನಡವಳಿಯಲ್ಲೇ ಇದ್ದರೆ ಹಾಳೆ ಏನು ಮಾಡೀತು! ಆ ಸಾಲನ್ನು ಸಭೆಯಲ್ಲಿ ಕೂತ ಸದಸ್ಯರೇ ತಡೆಯಬೇಕು.

ಅರ್ಜಿಗಳ ಸಂಖ್ಯೆಯನ್ನೂ ಶಿಲ್ಕಿನ ಹಾಗೇ ತೋರಿಸಿ: ಹಿಂದಿನ ಬಾಕಿ, ಹೊಸದು, ಇತ್ಯರ್ಥ, ಉಳಿದದ್ದು. ಇ-ಸ್ವತ್ತಿನ (ಊರಿನ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11, ನಲ್ಲಿ ಸಂಪರ್ಕ, ಬೀದಿ ದೀಪ, ಇಷ್ಟು ಬೇರೆ ಬೇರೆ. ಅರ್ಜಿದಾರರ ಹೆಸರು, ಆಧಾರ್, ಫೋನ್ ನಂಬರು ಯಾವುದೂ ಬೇಡ. ಸ್ವೀಕೃತಿ ಸಂಖ್ಯೆ ಇದ್ದರೆ ಅವರವರಿಗೆ ಗೊತ್ತಾಗುತ್ತದೆ. ಫಲಾನುಭವಿ ಪಟ್ಟಿಯ ಜೆರಾಕ್ಸನ್ನು ಬ್ಯಾಂಕ್ ಖಾತೆ ನಂಬರಿನ ಸಮೇತ ಗೋಡೆಗೆ ಅಂಟಿಸುವ ಅಭ್ಯಾಸ ಇನ್ನಾದರೂ ನಿಲ್ಲಲಿ.

ಹಾಳೆಯ ಕೆಳಗಡೆ "ಯಾವುದಕ್ಕೆ ಯಾರು" ಎಂಬ ಚೌಕ ಪ್ರತಿ ತಿಂಗಳೂ ಇರಲಿ. ಬೀದಿ ದೀಪದ ಬಲ್ಬು ಪಂಚಾಯತಿಯದು. ಕಂಬ, ತಂತಿ ವಿದ್ಯುತ್ ಕಂಪನಿಯದು: ಹಾಸನದಲ್ಲಿ ಸೆಸ್ಕಿನದು, ಚಿಕ್ಕಮಗಳೂರಿನಲ್ಲಿ ಮೆಸ್ಕಾಂನದು. ಪಹಣಿ ಕಂದಾಯದವರದು, ಪಿಂಚಣಿಗೆ ನಾಡಕಚೇರಿ, ಪಡಿತರ ಚೀಟಿಗೆ ಆಹಾರ ಇಲಾಖೆ. ಪಿಡಿಒ ಮೇಜಿನ ಮುಂದೆ ನಿಲ್ಲುವ ಅರ್ಧ ಜನ ಬೇರೆ ಕಚೇರಿಗೆ ಹೋಗಬೇಕಾದವರು.

ಯಾರು ಬರೆಯಬೇಕು, ಎಲ್ಲಿ ಹಾಕಬೇಕು

ಒಬ್ಬ ಪಿಡಿಒಗೆ ಎರಡು ಪಂಚಾಯತಿಯ ಪ್ರಭಾರ ಇರುವ ಕಾಲದಲ್ಲಿ ಅವರೇ ಕೂತು ಬರೆಯಲಿ ಅಂದರೆ ಹಾಳೆ ಹೊರಡುವುದಿಲ್ಲ. ಡಾಟಾ ಎಂಟ್ರಿ ಆಪರೇಟರು ಪಂಚಾಯತಿ ಲೆಕ್ಕ ಇಡುವ ಪಂಚತಂತ್ರ ತಂತ್ರಾಂಶದಿಂದ ಜಮಾ ಖರ್ಚು ತೆಗೆಯಲಿ, ಕರ ವಸೂಲಿಗಾರರು ಬೇಡಿಕೆ–ವಸೂಲಿ ಕೊಡಲಿ, ನೀರುಗಂಟಿ ನೀರಿನ ವಹಿ ತರಲಿ, ಅರಿವು ಕೇಂದ್ರದ (ಪಂಚಾಯತಿ ಗ್ರಂಥಾಲಯ) ಮೇಲ್ವಿಚಾರಕರು ಒಟ್ಟುಗೂಡಿಸಲಿ. ಪಿಡಿಒ ತಾಳೆ ನೋಡಿ, ಅಧ್ಯಕ್ಷರ ಜೊತೆ ಸಹಿ. ವಹಿಗಳು ಅಂದಂದೇ ಏರಿದ್ದರೆ ಅರ್ಧ ದಿನದ ಕೆಲಸ. 3ನೇ ತಾರೀಕಿಗೆ ತಾಳೆ, 5ಕ್ಕೆ ಕರಡು, 7ಕ್ಕೆ ಸಹಿ, 8ಕ್ಕೆ ಬೋರ್ಡು. ತಾರೀಕು ತಪ್ಪಿದರೆ ಖಾಲಿ ಇರುವ ಭಾಗವನ್ನು "ವಹಿ ಬಾಕಿ" ಅಂತ ಬರೆದು ಉಳಿದದ್ದನ್ನು ಹಾಕಿ. ಚುನಾಯಿತ ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಕೂತಿದ್ದರೂ ದುಡ್ಡು ಖರ್ಚಾಗುತ್ತಲೇ ಇರುತ್ತದೆ, ಆಗಲೂ ಹಾಳೆ ನಿಲ್ಲಬಾರದು.

ಜಾಗದ ಆಯ್ಕೆಯಲ್ಲಿ ಪಂಚಾಯತಿ ಕಚೇರಿ ಕೊನೆಗೆ ಬರಲಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಹಾಲಿನ ಡೈರಿಗೆ ಬೆಳಿಗ್ಗೆ ಸಂಜೆ ಜನ ಕ್ಯಾನು ಹಿಡಿದು ನಿಲ್ಲುತ್ತಾರೆ. ಅಲ್ಲಿನ ಗೋಡೆಗೆ ಮೊದಲ ಪ್ರತಿ. ಆಮೇಲೆ ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಸ್ ತಂಗುದಾಣ. ಮಲೆನಾಡಿನಲ್ಲಿ ಮನೆಗಳು ಚದುರಿರುತ್ತವೆ, ಎಸ್ಟೇಟಿನ ಲೈನ್ ಮನೆಯವರು ಈ ಯಾವ ಗೋಡೆಯನ್ನೂ ನೋಡುವುದಿಲ್ಲ. ಕೆಲಸಗಾರರ ಹಾಜರಿ (ಮಸ್ಟರ್) ಕರೆಯುವ ಜಾಗದಲ್ಲಿ ಒಂದು ಪ್ರತಿ ಹಾಕಲು ಕೇಳಿನೋಡಿ. ಮಳೆಗಾಲಕ್ಕೆ ಗಾಜಿನ ಬೋರ್ಡು ಇಲ್ಲದಿದ್ದರೆ ಪಾರದರ್ಶಕ ಪ್ಲಾಸ್ಟಿಕ್ ಕವರು, ಬಾಯಿ ಕೆಳಮುಖ. ಗೋಡೆಗೆ ಎ3 ಅಳತೆ, ಅಕ್ಷರ 16 ಪಾಯಿಂಟಿಗಿಂತ ಸಣ್ಣದು ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಇನ್ನೊಂದು ತೊಡಕು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲೇ ಯೂನಿಕೋಡಿನಲ್ಲಿ ಬರೆಯಿರಿ, ಇಲ್ಲವೇ ಪರಿವರ್ತಿಸಿ. ಒತ್ತಕ್ಷರ, ಅರ್ಕಾವತ್ತು ಒಡೆದಿದೆಯೇ ನೋಡಿಕೊಳ್ಳಿ. ಗೋಡೆಯ ಹಾಳೆಯ ಫೋಟೊ ಕಳಿಸಿದರೆ ಸಣ್ಣ ಫೋನಿನಲ್ಲಿ ಅಂಕಿ ಕಾಣುವುದಿಲ್ಲ. ಪಿಡಿಎಫ್ ಒಂದು, ಜೊತೆಗೆ ಓದಲು ಬಾರದವರಿಗೆ ಎರಡು ಮೂರು ನಿಮಿಷದ ಧ್ವನಿ. ಅದೇ ಧ್ವನಿಯನ್ನು ಕಸದ ಗಾಡಿಯ ಮೈಕಿನಲ್ಲೂ ಹಾಕಬಹುದು. ಸ್ವಚ್ಛ ವಾಹಿನಿ ಓಡಿಸುವ ಸಂಘದ ಹೆಣ್ಣುಮಕ್ಕಳು ಹೇಗೂ ಮನೆಮನೆ ಮುಂದೆ ಹೋಗುತ್ತಾರೆ.

ಗ್ರಾಮಸಭೆ ತಾರೀಕನ್ನು ಹಿಂದಿನ ತಿಂಗಳ ಹಾಳೆಯಲ್ಲೇ ಹಾಕಿ. ಕೋರಂಗೆ ಮತದಾರರಲ್ಲಿ ಹತ್ತರಲ್ಲೊಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಬೇಕು. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣು ಕೊಯ್ಲು ನಡೆಯುವಾಗ ಹಗಲು ಹನ್ನೊಂದಕ್ಕೆ ಸಭೆ ಕರೆದರೆ ಆ ನೂರು ಜನ ಎಲ್ಲಿಂದ ಬರಬೇಕು? ಬಯಲಿನಲ್ಲಿ ರಾಗಿ ಕೊಯ್ಲು, ಕಣದ ಕೆಲಸಕ್ಕೂ ಹೀಗೇ. ವಾರದ ರಜೆ ಅಥವಾ ಸಂತೆ ದಿನ ನೋಡಿ ಇಡಿ.

ಹಳೆಯ ಹಾಳೆಗಳನ್ನು ಕಿತ್ತು ಬಿಸಾಡಬೇಡಿ. ಅರಿವು ಕೇಂದ್ರದಲ್ಲಿ ಒಂದು ಫೈಲು, ತಿಂಗಳವಾರು. ಆಗಸ್ಟಿನ ಜಮಾಬಂದಿಗೆ ಏಪ್ರಿಲಿನಿಂದ ಮಾರ್ಚಿನವರೆಗಿನ ಹನ್ನೆರಡು ಹಾಳೆ ಹರಡಿ, ಮಾರ್ಚಿನ ಅಖೈರು ಶಿಲ್ಕನ್ನು ವಾರ್ಷಿಕ ಲೆಕ್ಕದ ಶಿಲ್ಕಿನ ಜೊತೆ ಇಟ್ಟು ನೋಡಿ. ಹೊಂದದಿದ್ದರೆ ಯಾವ ತಿಂಗಳಲ್ಲಿ ದಾರಿ ತಪ್ಪಿತು ಎಂಬುದು ಅಲ್ಲೇ ಸಿಗುತ್ತದೆ, ಜಮಾಬಂದಿ ಅಧಿಕಾರಿಗೆ ಕೇಳಬೇಕಾದ ಪ್ರಶ್ನೆಯೂ ಅದೇ.